ಸಣ್ಣ ವಿಮಾನಕ್ಕೆ ಎರಡು ಚೀಲ ಹೆಚ್ಚಿನ ಭಾರ

ವಾಯುಪಡೆಯಲ್ಲಿ ವಿಮಾನಗಳ ಒಡಲು, ರೆಕ್ಕೆಗಳನ್ನು ದುರಸ್ತಿ ಮಾಡುತ್ತ ಸೇವೆ ಮುಗಿಸಿ ಕಲಬುರಗಿಗೆ ಮರಳಿದ ನನ್ನನ್ನು ಅಕ್ಕನ ಮಗ ಕಳೆದ ವಾರ ಒಂದು ಪ್ರಶ್ನೆ ಕೇಳಿದ. ಅಲಾಸ್ಕದ ನದಿದಂಡೆಯ ಜಲ್ಲಿಯ ಮೇಲೆ ಇಳಿಯುವ ಪೈಪರ್ ಸೂಪರ್ ಕಬ್ ವಿಮಾನದ ವಿಡಿಯೊ ನೋಡಿದ್ದ ಅವನು, "ಮಾಮಾ, ಇದಕ್ಕ ದೊಡ್ಡ ಇಂಜಿನ್ ಹಾಕಿದ್ರ ಇನ್ನಾ ಸಣ್ಣ ಜಾಗದಾಗ ಏಳತದ, ಇನ್ನಾ ಭಾರ ಹೊರತದ, ಹೌದಿಲ್ಲೋ?" ಎಂದ. ದೊಡ್ಡ ಇಂಜಿನ್ನಿನಿಂದ ಏಳುವ ಓಟ ಕಡಿಮೆಯಾಗುವುದು ನಿಜ. ಆದರೆ ಅದೇ ವಿಮಾನ ಅದೇ ಸಣ್ಣ ಜಾಗದಲ್ಲಿ ಇಳಿಯಲೂ ಬೇಕಲ್ಲ, ನೆಲ ಮುಟ್ಟಿ ನಿಲ್ಲುವ ಹೊತ್ತಿಗೆ ಇಂಜಿನ್ನಿನ ಬಲ ಉಪಕಾರಕ್ಕೆ ಬಾರದೆ ಅದರ ತೂಕ ಮಾತ್ರ ಉಳಿದಿರುತ್ತದೆ. ಆದ್ದರಿಂದ ನಾನು ರೆಕ್ಕೆಯಿಂದ ಆರಂಭಿಸಿದೆ.

150 ಅಶ್ವಶಕ್ತಿಯ ಸೂಪರ್ ಕಬ್‌ಗೆ ಕಾರ್ಖಾನೆ ನಿಗದಿಪಡಿಸಿದ ಗರಿಷ್ಠ ತೂಕ 1,750 ಪೌಂಡು, ಅಂದರೆ ಸುಮಾರು 794 ಕಿಲೊ. ಅಮೆರಿಕದಲ್ಲಿ ಅನುಮೋದಿತ ಮಾರ್ಪಾಡಿನ ಮೂಲಕ ಇದನ್ನು 2,000 ಪೌಂಡಿಗೆ ಏರಿಸುವುದುಂಟು. ಹೆಚ್ಚುವುದು 113 ಕಿಲೊ. ನಮ್ಮ ಲೆಕ್ಕದಲ್ಲಿ ಐವತ್ತು ಕಿಲೊದ ಎರಡು ಚೀಲ ತೊಗರಿ, ಮೇಲೊಂದಿಷ್ಟು. ರೆಕ್ಕೆಯನ್ನು ಬದಲಿಸದಿದ್ದರೆ, ಸ್ಟಾಲ್ ವೇಗ, ಅಂದರೆ ವಿಮಾನ ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ, ತೂಕದ ವರ್ಗಮೂಲದಂತೆ ಬೆಳೆದು ಶೇಕಡ 7ರಷ್ಟು ಹೆಚ್ಚುತ್ತದೆ. ಇದು ಅಲ್ಪವೆನಿಸಬಹುದು, ಆದರೆ ತೂಕವೂ ವೇಗವೂ ಕೂಡಿದಾಗ, ಇಳಿದ ಮೇಲೆ ಬ್ರೇಕು ತಡೆಯಬೇಕಾದ ಚಲನಶಕ್ತಿ ಶೇಕಡ 30ರಷ್ಟು ಏರುತ್ತದೆ.

ರೆಕ್ಕೆ ನಿಧಾನವಾಗಿ ಹಾರುವಂತೆ ಮಾಡುವುದು ಹೇಗೆಂಬುದನ್ನು ಮನೆಯ ಕೂಲರಿನ ಮುಂದೆಯೇ ನೋಡಿದೆವು. ಜ್ಯೂಸ್ ಕುಡಿಯುವ ನಳಿಗೆಗಳನ್ನು ಕಟ್ಟಾಗಿ ಜೋಡಿಸಿ ಗಾಳಿಯ ಸುಳಿಯನ್ನು ತಕ್ಕಮಟ್ಟಿಗೆ ನೇರಗೊಳಿಸಿ, ಥರ್ಮಾಕೋಲಿನಲ್ಲಿ ಕೊರೆದ ರೆಕ್ಕೆಯ ಬೆನ್ನಿಗೆ ಉಣ್ಣೆಯ ಎಳೆಗಳನ್ನು ಅಂಟಿಸಿ ಹಿಡಿದರೆ, ಎಳೆಗಳೆಲ್ಲ ಬಾಚಿದ ಕೂದಲಿನಂತೆ ಹಿಂದಕ್ಕೆ ಮಲಗಿದವು. ರೆಕ್ಕೆಯ ಮೂಗನ್ನು ಎತ್ತುತ್ತ ಹೋದಂತೆ ಹಿಂಬದಿಯ ಎಳೆಗಳು ಎದ್ದು, ನಡುಗಿ, ಕೊನೆಗೆ ಮುಂದಕ್ಕೇ ತಿರುಗಿದವು. ಗಾಳಿ ರೆಕ್ಕೆಯ ಬೆನ್ನು ಬಿಟ್ಟು, ಎತ್ತುವ ಬಲ ಕುಸಿಯುವುದು: ಸ್ಟಾಲ್ ಎಂದರೆ ಅದೇ. ಪಿವಿಸಿ ಪೈಪಿನ ಒಂದು ಸೀಳನ್ನು, ಬೆಂಕಿಕಡ್ಡಿಯಷ್ಟು ಸಂದು ಬಿಟ್ಟು, ರೆಕ್ಕೆಯ ಮುಂದೆ ಸ್ಲ್ಯಾಟ್ ಆಗಿ ಜೋಡಿಸಿದಾಗ ಅದೇ ಕೋನದಲ್ಲಿ ಎಳೆಗಳು ಮತ್ತೆ ಮಲಗಿದವು. ಸ್ಲ್ಯಾಟು ರೆಕ್ಕೆಯ ಮೂಗಿನ ಬಳಿಯ ತೀವ್ರ ಹೀರಿಕೆಯನ್ನು ತಗ್ಗಿಸುವುದರಿಂದ ಗಾಳಿ ಹಿಂಬದಿಯವರೆಗೂ ಅಂಟಿಕೊಂಡು ಹರಿಯುತ್ತದೆ. ನನ್ನನ್ನು ಕೇಳಿದರೆ ಮೊದಲು ಹಾಕಿಸಬೇಕಾದದ್ದು ವೊರ್ಟೆಕ್ಸ್ ಜನರೇಟರುಗಳನ್ನು: ಉಗುರಿನಷ್ಟು ಸಣ್ಣ ತಗಡುಗಳ ಆ ಸಾಲು, ಮೇಲಿನ ವೇಗದ ಗಾಳಿಯನ್ನು ರೆಕ್ಕೆಯ ಮೈಗೆ ತಂದು ಬೆರೆಸುತ್ತದೆ, ತೂಕವೋ ಇಲ್ಲವೆಂಬಷ್ಟು ಕಡಿಮೆ.

ಹೆಚ್ಚು ಮೂಗೆತ್ತಿಯೂ ಹಾರಬಲ್ಲ ಇಂಥ ರೆಕ್ಕೆಗೆ ದೊಡ್ಡ ಟೈರು ಜೊತೆಯಾಗುತ್ತದೆ, ಏಕೆಂದರೆ ಬಾಲಗಾಲಿಯ ವಿಮಾನ ಅದರಿಂದ ನೆಲದ ಮೇಲೆಯೇ ಹೆಚ್ಚು ಮೂಗೆತ್ತಿ ನಿಲ್ಲುತ್ತದೆ. ಉದ್ದನೆಯ, ಕಡಿಮೆ ಪಿಚ್ಚಿನ, ಅಂದರೆ ಅಲಗುಗಳ ಓರೆ ಕಡಿಮೆಯಿರುವ, ಪ್ರೊಪೆಲರು ಆರಂಭದ ಎಳೆತವನ್ನು ಹೆಚ್ಚಿಸಿ, ದೂರದ ಹಾರಾಟದ ವೇಗವನ್ನು ಕಳೆಯುತ್ತದೆ. ಗಾಲಿಯ ಕಾಲುಗಳು, ರೆಕ್ಕೆಯ ಆನಿಕೆಗಳು ಹೊಸ ಭಾರವನ್ನು ತಾಳುತ್ತವೆಂದು ಲೆಕ್ಕದಲ್ಲಿ ತೋರಿಸಿ ಅನುಮೋದನೆ ಪಡೆಯದೆ, ನಮ್ಮ ದೇಶದಲ್ಲಾದರೆ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ಒಪ್ಪದೆ, ಇವುಗಳಲ್ಲಿ ಯಾವುದನ್ನೂ ಮುಟ್ಟಕೂಡದು. ಚೀಲಗಳನ್ನು ಆಸನದ ಹಿಂದೆ ಒಟ್ಟಿದರೆ ಗುರುತ್ವ ಕೇಂದ್ರ ಹಿಂದೆ ಸರಿದು, ಒಮ್ಮೆ ಎತ್ತಿದ ಮೂಗು ಇಳಿಯದೇ ಹೋಗಬಹುದು.

ಇನ್ನು ನಮ್ಮ ಬಿಸಿಲು. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ 42 ಡಿಗ್ರಿ ಸೆಲ್ಸಿಯಸ್ ಕಾವಿದ್ದಾಗ, ಗಾಳಿ ಸುಮಾರು 1,500 ಮೀಟರ್ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ. ಇಂಜಿನ್, ಪ್ರೊಪೆಲರ್, ರೆಕ್ಕೆ ಮೂರೂ ಒಟ್ಟಿಗೆ ಸೋಲುತ್ತವೆ. ನೆಲಕ್ಕೆ ಸಮೀಪವಿರುವಾಗ ಎಳೆತದ ವಿರುದ್ಧದ ತಡೆ ಕಡಿಮೆಯಿರುವುದರಿಂದ ಭಾರದ ವಿಮಾನವೂ ನೆಲವನ್ನೇನೋ ಬಿಡುತ್ತದೆ, ಆದರೆ ಆಳೆತ್ತರಕ್ಕಿಂತ ಮೇಲೇರಲಾರದೆ ಬದುವಿನ ಬೇವಿನ ಮರದ ಕಡೆಗೇ ಸಾಗಬಹುದು. "ಹಂಗಾದ್ರ ಮೇ ತಿಂಗಳದಾಗ ಏನು ಮಾಡಬೇಕು ಮಾಮಾ?" ಎಂದು ಅಳಿಯ ಕೇಳಿದ. ಬೆಳಗಿನ ತಂಪಿನಲ್ಲಿ ಹೊರಡಬೇಕು, ಆಗಲೂ ಎರಡನೆಯ ಚೀಲವನ್ನು ಕೆಳಗೆ ಇಳಿಸಿಯೇ ಹೊರಡಬೇಕು ಎಂದೆ.