ಯಾಂಕೀಸ್ ಪಟ್ಟಿ, ಮಾರ್ಚ್ 2025: ಸೋಟೋ ಹೋದ ಮೇಲೆ

ಪಟ್ಟಿ ಅಂತೂ ಒಂದು ಹದಕ್ಕೆ ಬಂತು. ಹೊಸಬರಿಗೆ ಹೇಳಿಬಿಡುತ್ತೇನೆ: ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡಕ್ಕೆ ಯಾರು ಬಂದರು, ಯಾರು ಹೋದರು, ಎಷ್ಟು ದುಡ್ಡಿಗೆ, ಯಾವ ಜಾಗಕ್ಕೆ ಅಂತ ಒಂದು ಎಕ್ಸೆಲ್ ಶೀಟ್ ಇಟ್ಟಿದ್ದೇನೆ. ಎಡಗಡೆ 2024ರ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್, ಆಡಿದವರು. ಬಲಗಡೆ ಈ ತಿಂಗಳ 27ಕ್ಕೆ ಮಿಲ್ವಾಕೀ ಬ್ರೂವರ್ಸ್ ವಿರುದ್ಧ ಇಳಿಯುವವರು. ಪಕ್ಕಪಕ್ಕ ನೋಡಿದರೆ ಇದು ಅದೇ ತಂಡವಾ ಅನ್ನಿಸುತ್ತದೆ.

ಕಳೆದ ಸೀಸನ್ ಚೆನ್ನಾಗಿಯೇ ಇತ್ತು. 94 ಗೆಲುವು, 68 ಸೋಲು. ಆರನ್ ಜಡ್ಜ್ 58 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದ, ಎಂವಿಪಿ (ಲೀಗ್‌ನ ಅತ್ಯುತ್ತಮ ಆಟಗಾರ) ಪ್ರಶಸ್ತಿಯ ಮೊದಲ ಸ್ಥಾನದ ವೋಟು ಒಂದೂ ಬಿಡದೆ ಅವನಿಗೇ ಬಿತ್ತು. ಅವನಿಗಿಂತ ಮುಂಚೆ ಬ್ಯಾಟ್ ಹಿಡಿಯುತ್ತಿದ್ದವನು ಹುವಾನ್ ಸೋಟೋ, 41 ಹೋಮ್ ರನ್. ಸೋಟೋಗೆ ಹೆದರಿ ಪಿಚರ್ (ಎಸೆಯುವವನು) ನಾಲ್ಕು ಚೆಂಡನ್ನು ಆಚೆ ಹಾಕಿದರೆ ಅವನು ಸುಮ್ನೆ ಫಸ್ಟ್ ಬೇಸ್‌ಗೆ ನಡೆದುಕೊಂಡು ಹೋಗುತ್ತಾನೆ, ಆಮೇಲೆ ಎದುರಿಗೆ ಬಂದು ನಿಲ್ಲುವವನು ಜಡ್ಜ್. ಇಡೀ ವರ್ಷ ತಂಡ ನಡೆದಿದ್ದೇ ಈ ಜೋಡಿಯ ಮೇಲೆ.

2009ರ ನಂತರ ಮೊದಲ ಸಲ ವರ್ಲ್ಡ್ ಸೀರೀಸ್. ಲಾಸ್ ಏಂಜಲಿಸ್ ಡಾಡ್ಜರ್ಸ್ ಎದುರು 4-1ರಲ್ಲಿ ಸೋತರು. ಐದನೇ ಪಂದ್ಯ ನಮ್ಮಲ್ಲಿ ನರಕ ಚತುರ್ದಶಿ ದಿನ ಬೆಳಗ್ಗೆ ಐದೂವರೆಗೆ ಶುರುವಾಯಿತು. ಯಾಂಕೀಸ್ 5-0 ಮುಂದೆ, ಗೆರಿಟ್ ಕೋಲ್ ಎಸೆತಕ್ಕೆ ಯಾರೂ ಒಂದು ಹಿಟ್ ಕೂಡ ಹೊಡೆದಿಲ್ಲ, ಅಮ್ಮ ಹಂಡೆ ನೀರು ಆರುತ್ತಿದೆ ಬಾರೋ ಅಂತ ಕೂಗುತ್ತಿದ್ದಾರೆ. ಆಗ ಬಂತು ನೋಡಿ ಐದನೇ ಇನ್ನಿಂಗ್ಸ್. ಮೊದಲು ಒಂದು ಹಿಟ್. ಆಮೇಲೆ ಜಡ್ಜ್ ಕೈಗೇ ಬಂದ ಕ್ಯಾಚ್ ಬಿಟ್ಟ, ಗಲ್ಲಿ ಹುಡುಗರೂ ಹಿಡಿಯುವಂಥದ್ದು. ಶಾರ್ಟ್‌ಸ್ಟಾಪ್ ವೋಲ್ಪಿ ಮೂರನೇ ಬೇಸ್‌ಗೆ ಎಸೆದ ಚೆಂಡು ನೆಲಕ್ಕೆ ಬಡಿಯಿತು. ಮೂರೂ ಬೇಸ್ ತುಂಬಿದ್ದರೂ ಕೋಲ್ ಸತತ ಇಬ್ಬರನ್ನು ಸ್ಟ್ರೈಕ್‌ಔಟ್ ಮಾಡಿದ, ಎರಡನೆಯವನು ಡಾಡ್ಜರ್ಸ್‌ನ ದೊಡ್ಡ ಸ್ಟಾರ್ ಓಟಾನಿ! ಆದರೆ ಮೂಕಿ ಬೆಟ್ಸ್ ನೆಲದಲ್ಲಿ ಉರುಳಿಸಿದ ಚೆಂಡು ನಮ್ಮ ಫಸ್ಟ್ ಬೇಸ್ ಆಟಗಾರ ರಿಜ್ಜೋ ಕೈಗೆ ಹೋದಾಗ, ಓಡಿ ಹೋಗಿ ಫಸ್ಟ್ ಬೇಸ್ ಮುಟ್ಟಬೇಕಿದ್ದ ಕೋಲ್ ಅರ್ಧದಲ್ಲೇ ನಿಂತುಬಿಟ್ಟ. ನೋಡನೋಡುತ್ತಲೇ 5-5. ಕೊನೆಗೆ 7-6 ಸೋಲು. ಎಣ್ಣೆಸ್ನಾನ ಎಂಟೂವರೆ ಮೇಲಾಯಿತು, ಬೈಸಿಕೊಂಡಿದ್ದೂ ಆಯಿತು.

ಅವತ್ತೇ ಶೀಟ್‌ಗೆ ಫೀಲ್ಡಿಂಗ್ ಅಂತ ಹೊಸ ಕಾಲಂ ಸೇರಿಸಿದೆ. ಈ ಚಳಿಗಾಲದ ವ್ಯವಹಾರ ಪೂರ್ತಿ ಅರ್ಥವಾಗುವುದು ಆ ಕಾಲಂನಿಂದಲೇ.

ಸೋಟೋ ನ್ಯೂಯಾರ್ಕ್‌ನದೇ ಇನ್ನೊಂದು ತಂಡ ಮೆಟ್ಸ್‌ಗೆ ಹೋದ. 15 ವರ್ಷಕ್ಕೆ 76.5 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 6,500 ಕೋಟಿ ರೂಪಾಯಿ. ಯಾಂಕೀಸ್ 16 ವರ್ಷಕ್ಕೆ 76 ಕೋಟಿ ಕೊಡಲು ತಯಾರಿತ್ತು ಅಂತ ಸುದ್ದಿ. ಒಬ್ಬನಿಗೇ ಅಷ್ಟು ಸುರಿಯುವುದು ತಪ್ಪಿತು ಅಂತ ಒಳಗೊಳಗೇ ಖುಷಿಪಟ್ಟವರಲ್ಲಿ ನಾನೂ ಒಬ್ಬ, ಬೈಯ್ಯುವವರು ಬೈಯ್ಯಲಿ.

ಆ ದುಡ್ಡು ನಾಲ್ಕು ಕಡೆ ಹಂಚಿಹೋಯಿತು. ಎಡಗೈ ಪಿಚರ್ ಮ್ಯಾಕ್ಸ್ ಫ್ರೀಡ್‌ಗೆ 8 ವರ್ಷ, 21.8 ಕೋಟಿ ಡಾಲರ್. ಮಿಲ್ವಾಕೀಯಿಂದ ಡೆವಿನ್ ವಿಲಿಯಮ್ಸ್ ಬಂದ, ಕೊನೆಯ ಇನ್ನಿಂಗ್ಸ್ ಮುಗಿಸಿಕೊಡುವ ಪಿಚರ್. ಬದಲಿಗೆ ನೆಸ್ಟರ್ ಕೋರ್ಟೆಸ್ ಮತ್ತು ಕೇಲೆಬ್ ಡರ್ಬಿನ್ ಆ ಕಡೆ ಹೋದರು. ಫೆಬ್ರವರಿಯಲ್ಲಿ ಗಡ್ಡ ಬಿಡಬಾರದು ಅನ್ನುವ ಹಿಂದಿನ ಮಾಲೀಕ ಸ್ಟೈನ್‌ಬ್ರೆನ್ನರ್ ಕಾಲದ ನಿಯಮವನ್ನು ಮಗನೇ ಸಡಿಲಿಸಿದ, ವಿಲಿಯಮ್ಸ್ ಗಡ್ಡ ಉಳಿಯಿತು. ಇದಕ್ಕೆ ನನ್ನ ಶೀಟ್‌ನಲ್ಲಿ ಕಾಲಂ ಇಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಕೋಡಿ ಬೆಲಿಂಜರ್. ಅವನು ಸೆಂಟರ್ ಫೀಲ್ಡ್‌ನಲ್ಲಿ ನಿಂತರೆ ಜಡ್ಜ್ ತನ್ನ ಹಳೇ ಜಾಗ ರೈಟ್ ಫೀಲ್ಡ್‌ಗೆ ವಾಪಸ್. ಒಬ್ಬ ಬಂದಿದ್ದಕ್ಕೆ ಎರಡು ಜಾಗ ಸರಿಹೋಯಿತು. ರಿಜ್ಜೋ ಜಾಗಕ್ಕೆ ಪಾಲ್ ಗೋಲ್ಡ್‌ಶ್ಮಿಟ್, ಒಂದು ವರ್ಷಕ್ಕೆ 1.25 ಕೋಟಿ ಡಾಲರ್. ವಯಸ್ಸು 37. ಬ್ಯಾಟ್ ಬಗ್ಗೆ ಅನುಮಾನ ಇದೆ, ಕೈ ಬಗ್ಗೆ ಇಲ್ಲ. ಸೋಟೋ ಬಿಟ್ಟುಹೋದ ಬ್ಯಾಟಿಂಗ್ ಮಾತ್ರ ಇವರೆಲ್ಲ ಸೇರಿದರೂ ತುಂಬುವುದು ಕಷ್ಟ.

ಇಷ್ಟರ ಮೇಲೆ ಈ ತಿಂಗಳು ಬಲಗಡೆ ಕಾಲಂ ತುಂಬಾ ಕೆಂಪು. ಕೋಲ್ ಮೊಣಕೈಗೆ ಟಾಮಿ ಜಾನ್ ಆಪರೇಷನ್ (ಹರಿದ ಸ್ನಾಯುಬಂಧ ಬದಲಿಸುವುದು), 2025 ಪೂರ್ತಿ ಹೋಯಿತು. ಕಳೆದ ವರ್ಷದ ರೂಕಿ ಆಫ್ ದಿ ಇಯರ್ (ಅತ್ಯುತ್ತಮ ಹೊಸಬ) ಪಿಚರ್ ಲೂಯಿಸ್ ಹಿಲ್‌ಗೆ ಬೆನ್ನಿನ ಪಕ್ಕದ ಸ್ನಾಯು ಹರಿದಿದೆ. ದೊಡ್ಡ ಹೊಡೆತಗಾರ ಸ್ಟ್ಯಾಂಟನ್‌ಗೆ ಎರಡೂ ಮೊಣಕೈ ನೋವು. ಎರಡನೇ ಪಿಚರ್ ಅಂತ ತಂದ ಫ್ರೀಡ್ ಈಗ ಮೊದಲನೆಯವನು.

ಉಳಿದಿರುವುದು ಮೂರನೇ ಬೇಸ್. ಗ್ಲೇಬರ್ ಟೋರೆಸ್ ಡೆಟ್ರಾಯಿಟ್‌ಗೆ ಹೋದ, ಅವನ ಎರಡನೇ ಬೇಸ್‌ಗೆ ಜ್ಯಾಜ್ ಚಿಸಮ್ ಸರಿದ, ಮೂರನೆಯದು ಖಾಲಿ ಬಿತ್ತು. ಯಾಕೆ ಯಾರನ್ನೂ ಕೊಂಡುಕೊಳ್ಳಲಿಲ್ಲ ಅಂದರೆ, ಇಲ್ಲಿ ಆಟಗಾರರ ಖರ್ಚಿಗೆ 2025ರ ಐಪಿಎಲ್ ಥರ 120 ಕೋಟಿ ರೂಪಾಯಿಯ ಗಟ್ಟಿ ಮಿತಿ ಇಲ್ಲ, ತೆರಿಗೆ ಇದೆ. ಯಾಂಕೀಸ್ ಥರ ಪ್ರತಿ ವರ್ಷ ತೆರಿಗೆಯ ಗೆರೆ ದಾಟುವ ತಂಡ 2025ರಲ್ಲಿ 30.1 ಕೋಟಿ ಡಾಲರ್ ಮೇಲೆ ಖರ್ಚು ಮಾಡುವ ಪ್ರತಿ ಡಾಲರಿಗೂ 1.10 ಡಾಲರ್ ತೆರಿಗೆ ಕಟ್ಟಬೇಕು. ಒಂದು ಕೋಟಿಯ ಆಟಗಾರ ಎರಡು ಕೋಟಿ ದಾಟುತ್ತಾನೆ. ಸದ್ಯಕ್ಕೆ ಆ ಜಾಗದಲ್ಲಿ ಓಸ್ವಾಲ್ಡೋ ಕಬ್ರೆರಾ ಹೆಸರು ಬರೆದು ಹಳದಿ ಬಣ್ಣ ಹಾಕಿದ್ದೇನೆ. ಜುಲೈ ಕೊನೆಯ ಟ್ರೇಡ್ ಗಡುವಿನೊಳಗೆ ಅದು ಬದಲಾಗುತ್ತದೆ ಅಂತ ನನ್ನ ಅಂದಾಜು. ಮುಂದಿನ ಸಲ ತೆರಿಗೆಯ ಕಾಲಂ ಹಾಕುತ್ತೇನೆ.