ಬ್ಯಾಟ್‌ಮ್ಯಾನ್ ಎರಡೇ ಯಾಕೆ, ಉಳಿದವರೆಲ್ಲ ಯಾರು?

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಚಾವಡಿ ದಾಟಿದರೆ ಎದುರಿಗೇ ಗಾಜಿನ ಬಾಗಿಲಿನ ಒಂದು ಮರದ ಕಪಾಟು. ಅದರಲ್ಲಿ ನೂರಮೂವತ್ತು ಚಿಲ್ಲರೆ ಆ್ಯಕ್ಷನ್ ಫಿಗರ್‌ಗಳಿವೆ. ಕೈಕಾಲು ಮಡಚುವ, ಕತ್ತು ತಿರುಗಿಸುವ ಪ್ಲಾಸ್ಟಿಕ್ ಬೊಂಬೆಗಳು. ಮದುವೆ ಕಾಗದ ಕೊಡಲು ಬಂದವರು, ಇನ್ವರ್ಟರ್ ರಿಪೇರಿಗೆ ಬಂದವರು, ಮಕ್ಕಳನ್ನು ಕರೆದುಕೊಂಡು ಬಂದ ನೆಂಟರು, ಎಲ್ಲರೂ ಅದರ ಮುಂದೆ ಒಂದು ನಿಮಿಷ ನಿಲ್ಲುತ್ತಾರೆ. ಗುರುತಿರುವ ಮುಖ ಹುಡುಕುತ್ತಾರೆ. ಬ್ಯಾಟ್‌ಮ್ಯಾನ್ ಸಿಗುತ್ತಾನೆ. ಆಮೇಲೆ ಕೇಳುತ್ತಾರೆ: "ಇಷ್ಟು ಬೊಂಬೆ ಉಂಟು, ಬ್ಯಾಟ್‌ಮ್ಯಾನ್ ಎರಡೇ ಯಾಕೆ? ಉಳಿದವರೆಲ್ಲ ಯಾರು?"

ನನ್ನ ಹಾಗೆ ಸಂಗ್ರಹ ಮಾಡುವವರೂ ಇದನ್ನೇ ಕೇಳುತ್ತಾರೆ, ಸ್ವಲ್ಪ ವಾದದ ದನಿಯಲ್ಲಿ. ಅವರಲ್ಲಿ ಕೆಲವರ ಕಪಾಟಿನಲ್ಲಿ ಒಬ್ಬನೇ ನಾಯಕ ಮೂವತ್ತು ನಲವತ್ತು ಬಗೆಯಲ್ಲಿ ನಿಂತಿರುತ್ತಾನೆ. ಕಪ್ಪು ಉಡುಪು, ನೀಲಿ ಉಡುಪು, ಹಿಮದ ಉಡುಪು. ನಾನು ಆ ದುಡ್ಡನ್ನು ಯಾರೂ ಹೆಸರು ಕೇಳದ ಪಾತ್ರಗಳಿಗೆ ಹಾಕುತ್ತೇನೆ. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಟ್ಟಿದ್ದೇನೆ. ಇಲ್ಲಿ ಪೂರ್ತಿ ಹೇಳುತ್ತೇನೆ.

ಶುರುವಾದದ್ದು ನನ್ನ ಸೋದರಮಾವನಿಂದ. ತೊಂಬತ್ತರ ದಶಕದಲ್ಲಿ ಅವರು ದುಬೈಯಲ್ಲಿದ್ದರು. ನಮ್ಮ ಕಡೆ ಪ್ರತಿ ಎರಡು ಮನೆಗೆ ಒಬ್ಬರಾದರೂ ಗಲ್ಫಿನಲ್ಲಿ ಇದ್ದ ಕಾಲ. ಊರಿಗೆ ಬರುವಾಗ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ ತರುತ್ತಿದ್ದರು. ಅಮ್ಮನಿಗೆ ಸೀರೆ, ಅಪ್ಪನಿಗೆ ಟಾರ್ಚು, ಅಕ್ಕನಿಗೆ ಪೆನ್ನು. ನನಗೆ ಬ್ಯಾಟ್‌ಮ್ಯಾನ್. ಮೊದಲ ಸಲ ಕಪ್ಪು. ಮುಂದಿನ ಸಲ ಬಿಳಿ, ಅವನು ಹಿಮದಲ್ಲಿ ಹೋರಾಡುವವನು. ಮೂರನೇ ಸಲ ನೀರಿನಾಳಕ್ಕೆ ಇಳಿಯುವವನು. ಮಾವನಿಗೆ ನನ್ನ ಮೇಲೆ ತುಂಬ ಪ್ರೀತಿ. ಹುಡುಗನಿಗೆ ಬ್ಯಾಟ್‌ಮ್ಯಾನ್ ಇಷ್ಟ ಅಂತ ಅವರು ನೆನಪಿಟ್ಟುಕೊಂಡಿದ್ದರು, ಅಷ್ಟೇ.

ಆದರೆ ಆ ಪ್ಯಾಕೆಟ್ಟುಗಳ ಹಿಂಬದಿಯಲ್ಲಿ ಅದೇ ಸಾಲಿನಲ್ಲಿ ಒಟ್ಟಿಗೆ ಬಂದ ಉಳಿದ ಬೊಂಬೆಗಳ ಚಿತ್ರ ಇರುತ್ತಿತ್ತು. ಅಲ್ಲಿ ಒಬ್ಬ ಇದ್ದ. ಎತ್ತರದ ಟೋಪಿ, ದಪ್ಪ ಹೊಟ್ಟೆ, ಕೈಯಲ್ಲಿ ಕೊಡೆ. ಬ್ಯಾಟ್‌ಮ್ಯಾನ್‌ನ ವೈರಿ ಪೆಂಗ್ವಿನ್. ಬೊಂಬೆಗಿಂತ ಜಾಸ್ತಿ ಹೊತ್ತು ನಾನು ಆ ರಟ್ಟನ್ನೇ ನೋಡಿದ್ದೇನೆ.

ಮೂರು ಬ್ಯಾಟ್‌ಮ್ಯಾನ್‌ಗಳನ್ನು ಸಾಲಾಗಿ ನಿಲ್ಲಿಸಿದರೆ ಏನು ಆಟ ಆಡುವುದು ಹೇಳಿ? ಮೂವರಿಗೂ ಕೋಪ ಉಂಟು. ಯಾರ ಮೇಲೆ?

ಅಕ್ಕನ ಬ್ರಿಲ್ ಶಾಯಿಯ ಖಾಲಿ ಬಾಟಲಿ ತಗೊಂಡೆ. ಗಿಡ್ಡ, ದಪ್ಪ, ಒಳಗೆ ಅಂಟಿಕೊಂಡ ಕಪ್ಪು ಶಾಯಿ. ಹಿಡಿಸೂಡಿಯ ಒಂದು ಕಡ್ಡಿ ಮುರಿದು ತುದಿಗೆ ಹಲಸಿನ ಎಲೆ ಚುಚ್ಚಿದೆ. ಅದು ಕೊಡೆ. ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆ ಹಾಕಿ ಕಡ್ಡಿಯನ್ನು ಬಾಟಲಿಗೆ ಬಿಗಿದೆ. ಎಲೆ ಸಂಜೆಗೆ ಬಾಡುತ್ತಿತ್ತು. ಮರುದಿನ ಹೊಸ ಎಲೆ. ಆ ಬಾಟಲಿ ಬಂದ ಮೇಲೆ ಆಟ ಶುರುವಾಯಿತು. ಅಡಿಕೆ ಒಣಗಿಸುವ ಅಂಗಳ ಪೂರ್ತಿ ನಮ್ಮ ಪಟ್ಟಣ. ಕಪ್ಪು ಬ್ಯಾಟ್‌ಮ್ಯಾನ್ ಒಬ್ಬನೇ ಸಾಕಾದ. ಹಿಮದವನೂ ನೀರಿನವನೂ ಪೆಟ್ಟಿಗೆ ಸೇರಿದರು.

ನನ್ನ ಉತ್ತರದ ಬೇರು ಅಲ್ಲಿದೆ. ದೊಡ್ಡವನಾಗಿ, ಸಂಬಳ ಬರಲು ಶುರುವಾದ ಮೇಲೆ, ಹೀಗೆ ಯಾಕೆ ಆಗುತ್ತದೆ ಅಂತ ಓದಲು ಹೊರಟೆ.

ಅಮೆರಿಕದ ಕೆನ್ನರ್ ಕಂಪನಿ 1984ರಲ್ಲಿ ಸೂಪರ್ ಪವರ್ಸ್ ಅಂತ ಒಂದು ಸಾಲು ತಂದಿತು. ಮೊದಲ ಕಂತಿನಲ್ಲಿ 12 ಬೊಂಬೆ. ಸೂಪರ್‌ಮ್ಯಾನ್ ಒಬ್ಬ, ಬ್ಯಾಟ್‌ಮ್ಯಾನ್ ಒಬ್ಬ, ರಾಬಿನ್, ವಂಡರ್ ವುಮನ್, ಅಕ್ವಾಮ್ಯಾನ್ ಹೀಗೆ. ಹನ್ನೆರಡರಲ್ಲಿ ನಾಲ್ವರು ಖಳರು: ಜೋಕರ್, ಪೆಂಗ್ವಿನ್, ಲೆಕ್ಸ್ ಲೂಥರ್, ಬ್ರೇನಿಯಾಕ್. ಒಬ್ಬೊಬ್ಬರು ಒಂದೊಂದು ಸಲ. ನನಗೆ ಈಗಲೂ ಇದಕ್ಕಿಂತ ಚಂದದ ಸಾಲು ಕಂಡಿಲ್ಲ. ಆರು ವರ್ಷ ಕಳೆದು, 1990ರಲ್ಲಿ, ಅದೇ ಕಂಪನಿ ಬ್ಯಾಟ್‌ಮ್ಯಾನ್‌ಗೇ ಒಂದು ಸಾಲು ಮಾಡಿತು. ಹಗ್ಗ ಎಸೆಯುವ ಬ್ಯಾಟ್‌ಮ್ಯಾನ್, ಗೋಡೆ ಹತ್ತುವ ಬ್ಯಾಟ್‌ಮ್ಯಾನ್, ಗುರಾಣಿ ಬಿಚ್ಚುವ ಬ್ಯಾಟ್‌ಮ್ಯಾನ್. ಇಷ್ಟೊಂದು ಬ್ಯಾಟ್‌ಮ್ಯಾನ್‌ಗಳ ಎದುರು ನಿಲ್ಲಲು ಇದ್ದದ್ದು ಬರೀ ಜೋಕರ್.

1992ರಲ್ಲಿ ಬ್ಯಾಟ್‌ಮ್ಯಾನ್ ರಿಟರ್ನ್ಸ್ ಸಿನಿಮಾ ಬಂತು. ಅದರ ಪೆಂಗ್ವಿನ್ ಕೊಳಚೆ ಕಾಲುವೆಯಲ್ಲಿ ಬೆಳೆದವನು, ಕೈಬೆರಳು ಅಂಟಿಕೊಂಡವನು, ನೋಡಿದರೆ ಹೆದರಿಕೆಯೂ ಮರುಕವೂ ಆಗುತ್ತದೆ. ಬೊಂಬೆ ಅಂಗಡಿಗೆ ಬಂದ ಪೆಂಗ್ವಿನ್ ಅವನಲ್ಲ. ಅದು 1984ರ ಸೂಪರ್ ಪವರ್ಸ್ ಪೆಂಗ್ವಿನ್. ಎಂಟು ವರ್ಷ ಹಳೆಯ ಅಚ್ಚಿಗೆ ಹೊಸ ಬಣ್ಣ. ನಾಯಕನಿಗೆ ಹಿಮದ ಅಂಗಿ, ನೀರಿನ ಅಂಗಿ. ಕಥೆಯ ಅರ್ಧ ಭಾರ ಹೊತ್ತ ಖಳನಿಗೆ ಹಳೆ ಅಂಗಿ. ಇದು ಗೊತ್ತಾದ ದಿನ ನನಗೆ ನಿಜಕ್ಕೂ ಬೇಸರವಾಯಿತು.

ಕಾರಣ ಇಲ್ಲದೆ ಇಲ್ಲ. ಪ್ಲಾಸ್ಟಿಕ್ ಬೊಂಬೆಯಲ್ಲಿ ದೊಡ್ಡ ಖರ್ಚು ಪ್ಲಾಸ್ಟಿಕ್ಕಿಗಲ್ಲ, ಉಕ್ಕಿನ ಅಚ್ಚಿಗೆ. ತಲೆ, ಎದೆ, ತೋಳು, ತೊಡೆ, ಎಲ್ಲಕ್ಕೂ ಅಚ್ಚು ಕೊರೆಸಬೇಕು. ಆ ಖರ್ಚು ವಾಪಸು ಬರಬೇಕಾದರೆ ಬೊಂಬೆ ರಾಶಿ ರಾಶಿ ಮಾರಾಟವಾಗಬೇಕು. ಅಂಗಡಿಗೆ ಬರುವವರು ಹೆಚ್ಚಾಗಿ ನನ್ನ ಮಾವನಂಥವರು. ಅವರ ಕೈ ಹೋಗುವುದು ಗುರುತಿರುವ ಮುಖಕ್ಕೆ. ನಾಯಕ ಮಾರಾಟವಾದರೆ ತಾನೇ ಉಳಿದವರ ಅಚ್ಚಿಗೆ ದುಡ್ಡು ಹುಟ್ಟುವುದು? ಹಾಗಾಗಿ ಹಿಮದ ಬ್ಯಾಟ್‌ಮ್ಯಾನ್ ಇರಲಿ. ಅವನನ್ನು ಕೊಳ್ಳುವ ಮಕ್ಕಳೂ ಇರಲಿ. ನನ್ನ ಮಾತು ನನ್ನ ಕಪಾಟಿನ ಬಗ್ಗೆ ಮಾತ್ರ.

ಯಕ್ಷಗಾನ ನೋಡಿ ಬೆಳೆದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಮೇಳದವರು ವೇಷ ಕಟ್ಟುವ ಚೌಕಿಗೆ ಹೋಗಿ ನೋಡಿ. ಇವತ್ತು ದೇವೇಂದ್ರನ ತಲೆ ಮೇಲೆ ಕೂತ ಕಿರೀಟ ನಾಳೆ ಇನ್ನೊಬ್ಬ ರಾಜನ ತಲೆ ಮೇಲೆ. ಭುಜಕೀರ್ತಿ, ಎದೆಪದಕ, ಎಲ್ಲ ಅದೇ ಪೆಟ್ಟಿಗೆಯದ್ದು. ಯಾರಾದರೂ "ಇದು ನಿನ್ನೆಯ ಕಿರೀಟ" ಅಂತ ಎದ್ದು ಹೋಗುತ್ತಾರಾ? ಇಲ್ಲ. ಬಂದವನಿಗೆ ಬೇರೆ ಹೆಸರಿದೆ, ಬೇರೆ ಮಾತಿದೆ, ಬೇರೆ ಸೇಡಿದೆ. ಅಷ್ಟು ಸಾಕು.

ಪಂಚವಟಿ ಪ್ರಸಂಗವನ್ನು ನೋಡಿ. ಶೂರ್ಪನಖಿ ಮೊದಲು ಹೆಣ್ಣು ಬಣ್ಣವಾಗಿ, ಅಂದರೆ ರಾಕ್ಷಸಿಯ ವೇಷದಲ್ಲಿ ಬರುತ್ತಾಳೆ, ಅಬ್ಬರಿಸುತ್ತಾಳೆ. ಆಮೇಲೆ ಮಾಯಾ ಶೂರ್ಪನಖಿಯಾಗಿ ಸ್ತ್ರೀವೇಷದಲ್ಲಿ ಬಳುಕುತ್ತ ಬರುತ್ತಾಳೆ. ಪಾತ್ರ ಒಂದೇ, ವೇಷ ಎರಡು, ಎರಡೂ ಬೇಕು. ಯಾಕೆಂದರೆ ನಡುವೆ ಅವಳ ಮನಸ್ಸಿನಲ್ಲಿ ಏನೋ ಆಗಿದೆ. ನಾನು ಬೊಂಬೆ ಕೊಳ್ಳುವಾಗ ಕೇಳಿಕೊಳ್ಳುವ ಪ್ರಶ್ನೆಯೂ ಇದೇ: ಇವನಿಗೆ ಏನಾಗಿದೆ? ಬರೀ ಬಣ್ಣ ಬದಲಾಗಿದೆಯಾ, ಅಥವಾ ಇವನ ಬದುಕಿನಲ್ಲಿ ಏನಾದರೂ ನಡೆದಿದೆಯಾ?

ನನ್ನ ಎರಡನೇ ಬ್ಯಾಟ್‌ಮ್ಯಾನ್ ಕಪಾಟಿಗೆ ಬಂದದ್ದು ಹಾಗೆ. ಫ್ರಾಂಕ್ ಮಿಲ್ಲರ್ 1986ರಲ್ಲಿ ಬರೆದ ಕಾಮಿಕ್ಕಿನ ಬ್ಯಾಟ್‌ಮ್ಯಾನ್ ಅವನು. ವಯಸ್ಸು 55. ಕೆಲಸ ಬಿಟ್ಟು ಹತ್ತು ವರ್ಷ ಸುಮ್ಮನೆ ಕೂತು ಮತ್ತೆ ಎದ್ದವನು. ಮೈ ದಪ್ಪ, ಮುಖದಲ್ಲಿ ಗೆರೆ. ಮಾವ ಕೊಟ್ಟ ಕಪ್ಪು ಬ್ಯಾಟ್‌ಮ್ಯಾನ್ ಪಕ್ಕದಲ್ಲಿ ಅವನನ್ನು ನಿಲ್ಲಿಸಿದರೆ ನಡುವೆ ಒಂದು ಇಡೀ ಬದುಕು ಕಾಣುತ್ತದೆ.

ಇನ್ನು ಒಂದೇ ಮೈಯಲ್ಲಿ ಬೇರೆ ಬೇರೆ ಜನ ಬರುವ ವಿಷಯ. ಇದನ್ನು ಸೋಮಾರಿತನ ಅಂತ ಬೈಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮ್ಯಾಟೆಲ್ ಕಂಪನಿ 1982ರಲ್ಲಿ ಹೀ-ಮ್ಯಾನ್ ಸಾಲು ಶುರು ಮಾಡಿದಾಗಿನಿಂದಲೂ ಅದೇ ತೋಳು, ಅದೇ ಎದೆ ಎಷ್ಟೋ ಜನರಿಗೆ ಹಂಚಿಹೋಯಿತು. 1983ರ ಫೇಕರ್ ಎಂಬವನು ಪೂರ್ತಿ ಹೀ-ಮ್ಯಾನ್ ಅಚ್ಚೇ. ಮೈಗೆ ನೀಲಿ ಬಣ್ಣ, ಎದೆಗೆ ಹೀ-ಮ್ಯಾನ್‌ನ ವೈರಿ ಸ್ಕೆಲೆಟಾರ್‌ನ ಕವಚ. ಆದರೆ ಅವನಿಗೊಂದು ಹೆಸರು ಕೊಟ್ಟರು, ಒಂದು ಕೆಲಸ ಕೊಟ್ಟರು: ನಾಯಕನ ಹಾಗೆ ನಟಿಸಿ ಮೋಸ ಮಾಡುವ ಯಂತ್ರಮಾನವ. ಅಷ್ಟಕ್ಕೇ ಅವನು ಎದ್ದು ನಿಂತ. 1985ರ ಸ್ಟಿಂಕಾರ್ ಇನ್ನೊಬ್ಬ. ಅದೇ ಸಾಲಿನ ಮರ್-ಮ್ಯಾನ್‌ನ ತಲೆ, ಮೆಕಾನೆಕ್‌ನ ಕವಚ, ಕಪ್ಪು ಬಿಳಿ ಬಣ್ಣ. ಪ್ಲಾಸ್ಟಿಕ್ಕಿಗೇ ವಾಸನೆ ಸೇರಿಸಿದ್ದರು. ಅಚ್ಚೆಲ್ಲ ಹಳೆಯದು, ವ್ಯಕ್ತಿ ಹೊಸಬ.

ಸೈನಿಕ ಬೊಂಬೆಗಳ ಜಿ.ಐ. ಜೋ ಸಾಲು ಇನ್ನೂ ಒಳ್ಳೆಯ ಉದಾಹರಣೆ. 1982ರಲ್ಲಿ ಹಸ್ಬ್ರೋ ಕಂಪನಿ ಅದನ್ನು ಮೂರುಮುಕ್ಕಾಲು ಇಂಚಿಗೆ ಇಳಿಸಿ ತಂದಾಗ ಮೊದಲ ತಂಡದಲ್ಲಿ ಒಂದೇ ತಲೆ ಹಲವು ಸೈನಿಕರಿಗೆ ಇತ್ತು. ಅವರನ್ನು ಬೇರೆ ಮಾಡಿದ್ದು ಪ್ಯಾಕೆಟ್ಟಿನ ಹಿಂದಿನ ಸಣ್ಣ ಚೀಟಿ. ಹೆಸರು, ಹುಟ್ಟಿದ ಊರು, ಗೊತ್ತಿರುವ ಕೆಲಸ, ಸ್ವಭಾವದ ಬಗ್ಗೆ ನಾಲ್ಕು ಸಾಲು. ಲ್ಯಾರಿ ಹಾಮ ಎಂಬ ಕಾಮಿಕ್ ಬರಹಗಾರ ಅವನ್ನು ಬರೆಯುತ್ತಿದ್ದರು. ನಾಲ್ಕೇ ಸಾಲಿನಲ್ಲಿ ಮನುಷ್ಯ ಹುಟ್ಟುತ್ತಿದ್ದ.

ಆ ಜೋಗಳು ನಮ್ಮ ದೇಶದಲ್ಲೂ ತಯಾರಾದವು. ಎಂ.ಆರ್.ಎಫ್. ಮತ್ತು ಹಸ್ಬ್ರೋ ಸೇರಿ 1987ರಲ್ಲಿ ಕಟ್ಟಿದ ಫನ್‌ಸ್ಕೂಲ್ ಕಂಪನಿ ಹಸ್ಬ್ರೋದ ಅಚ್ಚುಗಳಿಂದಲೇ ಇಲ್ಲಿ ಮಾಡುತ್ತಿತ್ತು. ಬಣ್ಣ ಮಾತ್ರ ಎಷ್ಟೋ ಸಲ ಬೇರೆ. ಈಗ ಹೊರದೇಶದವರು ಅವನ್ನು ಹುಡುಕಿಕೊಂಡು ಬರುತ್ತಾರೆ. ನನ್ನ ಬಳಿ ಹದಿನಾಲ್ಕು ಇವೆ. ಮಂಗಳೂರಿನಲ್ಲಿ ಹಳೆ ಸಾಮಾನಿನ ಜೊತೆ ಸಿಕ್ಕಿದವು, ಹೆಚ್ಚಿನವಕ್ಕೆ ಸೊಂಟ ಕಳಚಿತ್ತು.

ಇದನ್ನು ಸರಿ ಮಾಡುವುದು ನನಗೆ ತುಂಬ ಇಷ್ಟದ ಕೆಲಸ. ಬೆನ್ನಿನಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ನಮ್ಮ ಮಳೆಗೆ ಅದು ತುಕ್ಕು ಹಿಡಿದಿರುತ್ತದೆ. ಒಂದು ತೊಟ್ಟು ಎಣ್ಣೆ ಬಿಟ್ಟು ರಾತ್ರಿ ಇಡಬೇಕು. ಬೆಳಿಗ್ಗೆ ಬಿಚ್ಚಿದರೆ ಎದೆ ಎರಡು ಹೋಳಾಗುತ್ತದೆ. ಒಳಗೆ ಒಂದು ಕಪ್ಪು ರಬ್ಬರ್ ಬಳೆ. ಕಾಲುಗಳನ್ನು ಜೋಡಿಸುವ ಲೋಹದ ಕೊಕ್ಕೆಯನ್ನು ಮೈಗೆ ಎಳೆದು ಹಿಡಿಯುವುದು ಅದೇ. ಮೂವತ್ತು ವರ್ಷದಲ್ಲಿ ಅದು ಒಣಗಿ ಪುಡಿಯಾಗಿರುತ್ತದೆ. ಅದೇ ಅಳತೆಯ ಓ-ರಿಂಗ್ ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಕೊಕ್ಕೆಗೆ ಸಿಕ್ಕಿಸಿ, ಎಳೆದು, ಎದೆಯ ಹೋಳು ಮುಚ್ಚಿ, ಸ್ಕ್ರೂ ಬಿಗಿಯುವಾಗ ಜಾಗ್ರತೆ. ಜಾಸ್ತಿ ತಿರುಗಿಸಿದರೆ ಪ್ಲಾಸ್ಟಿಕ್ ಸೀಳುತ್ತದೆ. ಹೀಗೆ ಬಿಚ್ಚಿದಾಗ ಒಬ್ಬನ ಕಾಲು ಇನ್ನೊಬ್ಬನಿಗೆ ಕೂರುತ್ತದೆ ಅಂತ ಗೊತ್ತಾಯಿತು. ಮುರಿದ ಇಬ್ಬರಿಂದ ಒಬ್ಬನನ್ನು ಎಬ್ಬಿಸಿದೆ. ಅವನಿಗೂ ಒಂದು ಚೀಟಿ ಬರೆದೆ, ಕನ್ನಡದಲ್ಲಿ. ಊರು: ಮುಳ್ಳೇರಿಯ. ಕೆಲಸ: ಕಾಡಿನ ದಾರಿ ಬಲ್ಲವನು.

ಉಪ್ಪಳದಲ್ಲಿ ನನ್ನ ಒಬ್ಬ ಗೆಳೆಯ ಇದ್ದಾನೆ. ಅವನದು ಪೂರ್ತಿ ಎದುರು ದಾರಿ. ಒಬ್ಬನೇ ಪಾತ್ರ, ಎಲ್ಲ ಬಗೆ. ಅವನು ಒಂದು ದಿನ ನನ್ನನ್ನು ಕೇಳಿದ: "ಕರ್ಣನ ಅರ್ಥ ಒಬ್ಬರದ್ದು ಕೇಳಿದ ಮೇಲೆ ಇನ್ನೊಬ್ಬರದ್ದು ಕೇಳಲು ಹೋಗುವುದಿಲ್ವಾ ನೀನು? ಕರ್ಣ ಅದೇ ಅಲ್ವಾ?" ನನಗೆ ಕೂಡಲೇ ಉತ್ತರ ಬರಲಿಲ್ಲ. ವೇಷವಿಲ್ಲದೆ ಕೂತು ಪಾತ್ರದ ಮಾತು, ಅಂದರೆ ಅರ್ಥ, ಹೇಳುವ ತಾಳಮದ್ದಳೆ ಇದ್ದಲ್ಲಿಗೆ ನಾನು ಹೋಗುತ್ತೇನೆ, ಅದೇ ಪ್ರಸಂಗ ಹತ್ತು ಸಲ ಕೇಳಿದ್ದೇನೆ. ಅವನ ಕಪಾಟು ಮತ್ತೆ ನೋಡಿದೆ. ಬೇರೆ ಬೇರೆ ಶಿಲ್ಪಿಗಳ ಕೈ ಕಂಡಿತು. ಒಬ್ಬರು ಗಲ್ಲ ಗಟ್ಟಿ ಮಾಡಿದ್ದಾರೆ, ಒಬ್ಬರು ಭುಜ ಬಾಗಿಸಿದ್ದಾರೆ. ಅಲ್ಲಿ ಅವನು ಸರಿ. ಬೇರೆ ಕೈಯಿಂದ ಬಂದ ಮುಖ ಬೇರೆಯೇ. ಆದರೆ ಅದೇ ಅಚ್ಚು, ಅದೇ ಮುಖ, ಬರೀ ಬಣ್ಣ ನೀಲಿಯಿಂದ ಬೂದಿಗೆ ಹೋದ ಬೊಂಬೆಗಳೂ ಅವನ ಬಳಿ ಹನ್ನೊಂದು ಇದ್ದವು. ಅವಕ್ಕೆ ಕರ್ಣನ ಉದಾಹರಣೆ ಸಲ್ಲುವುದಿಲ್ಲ ಅಂತ ಈಗಲೂ ಹೇಳುತ್ತೇನೆ. ನಮ್ಮ ಚರ್ಚೆ ಮುಗಿದಿಲ್ಲ.

ದುಡ್ಡಿನ ಮಾತೂ ಉಂಟು. ಹೊರದೇಶದ ಆಟಿಕೆ ಮೇಲಿನ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಮೊದಲು ಮೂರು ತಗೊಳ್ಳುತ್ತಿದ್ದ ಕಡೆ ಈಗ ಒಂದು. ಆ ಒಂದು ಯಾರಾಗಿರಬೇಕು? ನಾಯಕ ಮುಂದಿನ ವರ್ಷವೂ ಬರುತ್ತಾನೆ, ಅದರ ಮುಂದಿನ ವರ್ಷವೂ ಬರುತ್ತಾನೆ. ಸಣ್ಣ ಪಾತ್ರ ಒಂದು ಸಲ ಬಂದು ಹೋದರೆ ಇಪ್ಪತ್ತು ವರ್ಷ ಕಾಣುವುದಿಲ್ಲ.

ಹಿಮದ ಬ್ಯಾಟ್‌ಮ್ಯಾನನ್ನೂ ನೀರಿನವನನ್ನೂ ಮಾವನಿಗೆ ಹೇಳಿಯೇ ಪಕ್ಕದ ಮನೆಯ ಮಗುವಿಗೆ ಕೊಟ್ಟೆ. ಮಾವ ಈಗ ಊರಲ್ಲೇ ಇದ್ದಾರೆ. "ಆಗ ನೀನು ಪೆಂಗ್ವಿನ್ ಕೇಳಬಹುದಿತ್ತಲ್ಲ" ಅಂತ ಅಂದರು. ಅವರು ತಂದದ್ದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿರಲಿಲ್ಲ ಅಂದೆ.

ಪೆಂಗ್ವಿನ್ ನನಗೆ ಸಿಕ್ಕಿದ್ದು ನಾಲ್ಕು ವರ್ಷದ ಹಿಂದೆ, ಹೊರ ರಾಜ್ಯದ ಒಬ್ಬ ಸಂಗ್ರಹಕಾರರಿಂದ. ಅದೇ ಹಳೆ ಅಚ್ಚಿನವನು. ಟೋಪಿಯ ಅಂಚಿನಲ್ಲಿ ಬಣ್ಣ ಎದ್ದಿತ್ತು, ಕೊಡೆ ಇರಲಿಲ್ಲ. ಬ್ರಿಲ್ ಬಾಟಲಿಯನ್ನು ಅಮ್ಮ ಅಟ್ಟದಲ್ಲಿ ಇಟ್ಟಿದ್ದಳು. ಅದನ್ನು ತೊಳೆದು ಅವನ ಪಕ್ಕ ಇಟ್ಟೆ. ಹಿಡಿಸೂಡಿಯಿಂದ ಒಂದು ಕಡ್ಡಿ ಮುರಿದೆ. ಅವನ ಮುಷ್ಟಿಯ ತೂತಿಗೆ ಸರಿಯಾಗಿ ಕೂತಿತು. ಅಂಗಳದ ಹಲಸಿನ ಮರದಿಂದ ಸಣ್ಣದೊಂದು ಚಿಗುರೆಲೆ ಕೊಯ್ದು ತುದಿಗೆ ಚುಚ್ಚಿದೆ. ಕಪಾಟಿನೊಳಗೆ ಅದು ಎರಡು ದಿನ ಬಾಳುತ್ತದೆ, ಮೂರನೇ ದಿನ ಬದಲಿಸುತ್ತೇನೆ.