ನದಿ ದಡದ ನಡಿಗೆ, ಏಳನೇ ವಾರ: ಎಲೆ ಗೆದ್ದಿತು, ಮರ ಸೋತಿತು

ಈ ವಾರ 64 ಫೋಟೊ ತೆಗೆದೆ, ಉಳಿಸಿಕೊಂಡದ್ದು 5. ಹೋದ ವಾರಕ್ಕಿಂತ ಒಂದು ಜಾಸ್ತಿ.

ಎಂದಿನಂತೆ ಅದೇ ಎರಡು ಕಿಲೋಮೀಟರ್ ದಡ, ಜೇಬಿಗೆ ಹೋಗುವ ಅದೇ ಕ್ಯಾಮೆರಾ. ಅದರೊಳಗೆ ಬೆಳಕು ಹಿಡಿಯುವ ಸೆನ್ಸರ್‌ಗೆ ಒಂದಿಂಚು ಅಂತ ಹೆಸರು. ಅಳತೆ ನೋಡಿದರೆ 13.2 × 8.8 ಮಿ.ಮೀ. ಯಾರು ಇಟ್ಟ ಹೆಸರೋ!

ಆರು ವಾರದಿಂದ ಒಂದೇ ತಲೆನೋವು. ನೀರಿನಲ್ಲಿ ಕಾಣುವ ಮರದ ಪ್ರತಿಬಿಂಬವನ್ನು ಝೂಮ್ ಮಾಡಿ ತೆಗೆದರೆ ಮಸುಕು. ಗಾಳಿಗೆ ನೀರು ಅಲುಗಿದ್ದಕ್ಕೆ ಹೀಗೆ ಅಂದುಕೊಂಡಿದ್ದೆ. ಈ ಸಲ ನೀರು ಕನ್ನಡಿಯ ಹಾಗೆ ನಿಂತಿತ್ತು, ಆದರೂ ಮಸುಕೇ. ಅಲ್ಲೇ ಕಲ್ಲಿನ ಮೇಲೆ ಕೂತು ಫೋಟೊ ದೊಡ್ಡದು ಮಾಡಿ ನೋಡಿದೆ. ತೇಲುತ್ತಿದ್ದ ಒಣ ಎಲೆಯ ನರನರವೂ ಕಾಣುತ್ತಿದೆ, ಮರ ಮಾತ್ರ ಕಲಸಿಹೋಗಿದೆ. ಕ್ಯಾಮೆರಾ ಎಲೆಯನ್ನು ಹಿಡಿದುಕೊಂಡಿತ್ತು.

ಪ್ರತಿಬಿಂಬ ಅಂದರೆ ನೀರಿನ ಮೇಲೆ ಅಂಟಿಸಿದ ಚಿತ್ರ ಅಲ್ಲವಲ್ಲ. ನನ್ನಿಂದ ನೀರಿಗೆ 3 ಮೀಟರ್, ಅಲ್ಲಿಂದ ಎದುರು ದಡದ ಮರಕ್ಕೆ ಸುಮಾರು 30. ಲೆನ್ಸಿನ ಪಾಲಿಗೆ ಆ ಮರ ಇರುವುದು 33 ಮೀಟರ್ ದೂರದಲ್ಲಿ. ಇಷ್ಟು ಸಣ್ಣ ಲೆಕ್ಕಕ್ಕೆ ಆರು ಭಾನುವಾರ ಬೇಕಾಯಿತು ನನಗೆ.

ಆಮೇಲೆ ನಿಜವಾದ ಮರಕ್ಕೇ ಫೋಕಸ್ ಮಾಡಿ, ಬಟನ್ ಅರ್ಧ ಒತ್ತಿ ಹಿಡಿದು, ಕ್ಯಾಮೆರಾವನ್ನು ಕೆಳಗೆ ಬಾಗಿಸಿ ತೆಗೆದೆ. ಕೊಂಬೆ ಕೊಂಬೆಯೂ ಬಂತು, ಆದರೆ ಕಪ್ಪು ಕಪ್ಪಾಗಿ. ಅರ್ಧ ಒತ್ತಿದಾಗ ನನ್ನ ಕ್ಯಾಮೆರಾ ಫೋಕಸ್ ಜೊತೆ ಬೆಳಕಿನ ಅಳತೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪ್ರತಿಬಿಂಬ ಯಾವಾಗಲೂ ಮರಕ್ಕಿಂತ ಮಬ್ಬು. ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿದ ಮೇಲೆ, ಅಂದರೆ ಬೆಳಕು ಎರಡು ಪಟ್ಟು ಮಾಡಿದ ಮೇಲೆ, ಸರಿಹೋಯಿತು. ಝೂಮ್ ಇಲ್ಲದೆ, ಲೆನ್ಸಿನ ಕಿಂಡಿಯನ್ನು ಎಫ್/4ಕ್ಕೆ ಇಟ್ಟು ತೆಗೆದಾಗ ಈ ರಗಳೆಯೇ ಇಲ್ಲ. ಎಲೆ, ಮರ ಎರಡೂ ಒಟ್ಟಿಗೆ ಸ್ಪಷ್ಟ. ಪುಟ್ಟ ಸೆನ್ಸರ್‌ನಿಂದ ಇದೊಂದು ಲಾಭ.

ಕಲ್ಲುಗಳ ನಡುವೆ ಹರಿಯುವ ನೀರನ್ನು ಹಾಲಿನ ಹಾಗೆ ತೆಗೆಯುವ ಆಸೆ ಮಾತ್ರ ಈ ವಾರವೂ ಕೈಗೂಡಲಿಲ್ಲ. ಅದಕ್ಕೆ ಕಾಲು ಸೆಕೆಂಡಾದರೂ ಶಟರ್ ತೆರೆದಿರಬೇಕು. ಒಳ್ಳೆಯ ಬಿಸಿಲಲ್ಲಿ, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 125, ಎಫ್/8 ಇಟ್ಟರೆ ಬೇಕಾಗುವುದು 1/500 ಸೆಕೆಂಡು. ಅಂದರೆ ಏಳು ಸ್ಟಾಪ್ ಬೆಳಕು ಹೆಚ್ಚಾಯಿತು, 128 ಪಟ್ಟು! ಫೋಟೊ ಸುಣ್ಣ ಬಳಿದ ಗೋಡೆಯಂತೆ ಬಂತು. ಕ್ಯಾಮೆರಾದ ಒಳಗಿರುವ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಮೂರು ಸ್ಟಾಪ್ ಕಡಿಮೆ ಮಾಡುತ್ತದೆ, ಉಳಿದ ನಾಲ್ಕಕ್ಕೆ ಏನು ಮಾಡುವುದು? ಬಿಸಿಲು ಏರುವ ಮೊದಲೇ ಹೋಗಬೇಕು. ಎದ್ದರೆ.

ದಾರಿಯಲ್ಲಿ ಇನ್ನೊಂದು ಆಟ. ಪೋಲರೈಸ್ಡ್ ತಂಪು ಕನ್ನಡಕವನ್ನು ಲೆನ್ಸಿನ ಮುಂದೆ ಹಿಡಿದು ಸುಮ್ನೆ ತಿರುಗಿಸಿದೆ. ಒಂದು ಕೋನದಲ್ಲಿ ನೀರಿನ ಹೊಳಪು ಮಾಯ, ತಳದ ಕಲ್ಲುಗಳು ಎದ್ದು ಬಂದವು. ನೇರ ಕೆಳಗೆ ನೋಡಿದಾಗ ಮಾತ್ರ ಏನೂ ಆಗಲಿಲ್ಲ. ಕ್ಯಾಮೆರಾ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ, ಎರಡು ಮೀಟರ್ ಮುಂದಿನ ನೀರಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಉಳಿಸಿಕೊಂಡ ಐದರಲ್ಲಿ ಎರಡು ಈ ಕನ್ನಡಕದವೇ. ಒಂದರ ಮೂಲೆಯಲ್ಲಿ ಫ್ರೇಮಿನ ಅಂಚೂ ಬಿದ್ದಿದೆ, ಕತ್ತರಿಸಬೇಕು.

ಕೊನೆಗೆ ಒಂದು ಪೆದ್ದು ಕೆಲಸ. ತಗ್ಗಿನಿಂದ ತೆಗೆಯೋಣ ಅಂತ ಕ್ಯಾಮೆರಾವನ್ನು ಮರಳಿನ ಮೇಲೇ ಇಟ್ಟೆ. ಈಗ ಲೆನ್ಸ್ ಹೊರಗೆ ಬರುವಾಗ ಕರಕರ ಅನ್ನುತ್ತದೆ. ಅದನ್ನು ತಲೆಕೆಳಗೆ ಹಿಡಿದು ಬ್ಲೋವರ್‌ನಿಂದ ಗಾಳಿ ಊದಿದೆ, ಎರಡು ಕಣ ಉದುರಿದವು. ಸದ್ದು ಕಡಿಮೆಯಾಗಿದೆ, ನಿಂತಿಲ್ಲ. ಮುಂದಿನ ಭಾನುವಾರ ಝೂಮ್ ಮುಟ್ಟುವುದಿಲ್ಲ.